ಜ್ವರಕ್ಕೆ ಕೂತ ಹುಳುವೂ ನಾಲ್ಕು ಪುಟದ ಕಾಪಿಯೂ

ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತ ಮೊಪೆಡ್ಡೊಂದು ಹೋಯಿತು. ಕೆಳಗೆ ಬಿದ್ದ ಒಂದು ಕಡ್ಡಿಯನ್ನು ಮೊಮ್ಮಗಳು ನಿಧಿ ಎತ್ತಿ ತಂದು ನನ್ನ ಮಡಿಲಿಗೆ ಹಾಕಿದಳು. ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಎದೆಯಲ್ಲಿ ಏನೋ ಚುಚ್ಚಿತು. ಏನೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಿಧಿಗೆ ಆರು ವರ್ಷ. ಶಾಲೆಗೆ ಹೋಗುವುದಿಲ್ಲ. ಸೊಸೆ ಶೈಲಾ ಹಿಂದೆ ಟೀಚರಾಗಿದ್ದವಳು, ಮನೆಯಲ್ಲೇ ಕಲಿಸುತ್ತಾಳೆ. ಕಲಿಸುವುದೆಂದರೆ ಏನು ಮಹಾ, ತಿಂಡಿ ಆದ ಮೇಲೆ ಒಂದು ಗಂಟೆ. ಒಂದಿಷ್ಟು ಓದು, ನಾಲ್ಕು ಲೆಕ್ಕ, ಮುಗಿಯಿತು. ಆಮೇಲೆ ಮಗು ಇರುವೆ ಸಾಲಿನ ಹಿಂದೆ ಹೋಗುತ್ತದೆ. ಎದುರುಮನೆಯ ನೂರ್‌ಜಾನ್ ತನ್ನ ಮೊಮ್ಮಗ ದಿನಾ ನಾಲ್ಕು ಪುಟ ಕಾಪಿ ಬರೆಯುತ್ತಾನೆಂದು ಮಾತಿಗೆ ಹೇಳಿದಳು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು; ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಈ ಮಗುವೂ ನನ್ನಂತೆಯೇ ಆಗಿಬಿಟ್ಟರೆ?

ಹಾಗೆಂದು ದಡ್ಡಿಯಲ್ಲ. ಕಳೆದ ತಿಂಗಳು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ‘ಚಿಂತಾಮಣಿ’ ಎಂದು ತಾನೇ ಓದಿಬಿಟ್ಟಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕ್ಟರಿಗೂ ಹೇಳಿದೆ, ಹೂವಿನವಳಿಗೂ ಹೇಳಿದೆ, ಪರಿಚಯವೇ ಇಲ್ಲದ ಒಬ್ಬರಿಗೆ ಎರಡು ಸಲ ಹೇಳಿದೆ. ಆ ಸಂತೋಷವೇ ದುರಾಸೆಯಾಯಿತು ನೋಡಿ. ಒಂದು ಗಂಟೆಗೇ ಇಷ್ಟಾದರೆ ಮೂರು ಗಂಟೆಗೆ? ಮಧ್ಯಾಹ್ನ ಶೈಲಾ ಹೊಲಿಗೆ ಮಿಷನ್ ಮುಂದೆ ಕೂತಾಗ, ಹಿತ್ತಿಲಲ್ಲಿ ಕದ್ದು ಕಾಪಿ ಬರೆಸತೊಡಗಿದೆ. ಮೊದಲು ಒಂದು ಪುಟ, ಆಮೇಲೆ ನಾಲ್ಕು. ಪುಸ್ತಕವನ್ನು ರಾಗಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆ.

ಮೊನ್ನೆ ಅದೇ ಸ್ಟ್ಯಾಂಡಿನಲ್ಲಿ ಬೋರ್ಡು ತೋರಿಸಿದೆ. ಮಗು ಮುಖ ತಿರುಗಿಸಿತು. “ನಂಗೆ ಓದಕ್ಕೆ ಬರಲ್ಲ, ಅಜ್ಜಿ.”

ಸೊಪ್ಪಿನ ವಾಸನೆ ಇವತ್ತು ಚುಚ್ಚಿದ್ದು ಅದಕ್ಕೇ. ನಾನು ಮದುವೆಯಾಗಿ ಬಂದಾಗ ಈ ಮನೆ ತುಂಬ ರೇಷ್ಮೆಹುಳು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು. ಅತ್ತೆ ಇದನ್ನೆಲ್ಲ ಹೇಳಿಯೇ ಹರಕೆ ತೀರಿಸಲು ಮುರುಗಮಲ್ಲದ ದರ್ಗಾಕ್ಕೆ ಹೋದರು. ನಾನೊಬ್ಬಳೇ. ತಲೆ ಎತ್ತಿದ ಅಷ್ಟೂ ಹುಳು ನನ್ನನ್ನೇ ನೋಡುತ್ತಿರುವಂತೆ ಕಂಡವು. ಸತ್ತರೆ ಬೈಗುಳ ಯಾರಿಗೆ? ಎಳೆ ಸೊಪ್ಪು ಹೆಚ್ಚಿ ಹಾಕಿದೆ. ಮತ್ತೆ ಹಾಕಿದೆ. ಮರುದಿನ ಅತ್ತೆ ಬಂದು ಸೊಪ್ಪು ಸರಿಸಿದರೆ, ಅಡಿಯೆಲ್ಲ ಬೂಷ್ಟು. ಅರ್ಧಕ್ಕರ್ಧ ಹುಳು ಹೋಗಿದ್ದವು.

ಸಿಟ್ಟು ಬಂದರೆ ತೆಲುಗಿನಲ್ಲೇ ಬೈಯುತ್ತಿದ್ದ ಅತ್ತೆ ಆ ದಿನ ಬೈಯಲಿಲ್ಲ. ಹುಳುವಿನ ತಟ್ಟೆ ನೋಡುತ್ತಲೇ ಮೆಲ್ಲಗೆ ಅಂದರು: “ಹಸಿವಾಗಿದ್ದು ಅವಕ್ಕಲ್ಲ ಪಿಲ್ಲಾ, ನಿಂಗೆ.”

ಇವತ್ತು ಆ ಮಾತು ನೆನಪಾದದ್ದೇ ಎದ್ದು ಹೋಗಿ, ಡಬ್ಬದ ಹಿಂದಿನ ಪುಸ್ತಕ ತಂದು ಶೈಲಾಳ ಕೈಗಿಟ್ಟೆ. ಅವಳು ಒಂದೊಂದೇ ಪುಟ ತಿರುವಿದಳು. ಕೊನೆಕೊನೆಗೆ ಅಕ್ಷರಗಳು ಗೆರೆ ಬಿಟ್ಟು ಇಳಿದುಹೋಗಿದ್ದವು.

“ಒಂದು ಗಂಟೆ ಸಾಕಾ ಅಂತ ನಂಗೂ ದಿನಾ ಭಯ ಅತ್ತೆ” ಅಂದಳು. “ಆದ್ರೂ ಅಷ್ಟಕ್ಕೇ ನಿಲ್ಲಿಸ್ತೀನಿ.”

ಟೀಚರಿಗೇ ಭಯವಿದ್ದರೆ ನನ್ನದು ಹೋದೀತೇ? ಇನ್ನಷ್ಟು ಹೆಚ್ಚಿತು. ಜೊತೆಗೊಬ್ಬಳಿದ್ದಾಳೆ, ಅಷ್ಟೇ.

ಮಧ್ಯಾಹ್ನ ನಿಧಿ ತಾನೇ ಬಂದು ನಿಂತಳು. “ಇವತ್ತು ಎಷ್ಟು ಪುಟ?”

“ಇವತ್ತಿಲ್ಲ ಕಣಮ್ಮ.”

“ನಾಳೆ?”

“ನಾಳೇನೂ ಇಲ್ಲ.”

ನಂಬದವಳಂತೆ ನನ್ನ ಮುಖ ನೋಡಿ ಒಳಗೆ ಹೋದಳು.

ಈಗ ಅಡುಗೆಮನೆಯಿಂದ ಅವಳ ದನಿ ಕೇಳುತ್ತಿದೆ. ಹಿಟ್ಟಿನ ಪ್ಯಾಕೆಟ್ಟೋ ಏನೋ, ಒಂದೊಂದೇ ಅಕ್ಷರ ಹಿಡಿದು ತನಗೆ ತಾನೇ ಗೊಣಗಿಕೊಳ್ಳುತ್ತಿದ್ದಾಳೆ. ಒಂದು ಕಡೆ ತಪ್ಪು ಓದಿದಳು. ನನ್ನ ಬಾಯಿ ತುರಿಸುತ್ತಿದೆ. ಬಾಡಿದ ಸೊಪ್ಪಿನ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು, ಬೆನ್ನು ತಿರುಗಿಸಿಯೇ ಕೂತಿದ್ದೇನೆ.