ಬಾಲ ಕತ್ತರಿಸುವ ಸುಣ್ಣದಕ್ಕ

ಸೂರ್ಯ ಇನ್ನೂ ಮೇಲೆದ್ದಿಲ್ಲ. ಮೀನು ಸಾಕುವ ಹನ್ನೊಂದು ಹೊಂಡಗಳ ನಡುವಿನ ಬದುವಿನ ಮೇಲೆ ಒಬ್ಬ ಹೆಂಗಸು ಉದ್ದ ಹಿಡಿಯ ಬಲೆ ಹಿಡಿದು ನಡೆಯುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನನ್ನು ಕಂಡೊಡನೆ ನಮಸ್ಕಾರಕ್ಕೂ ಮೊದಲು ಕೇಳುತ್ತಾರೆ, "ಚೀಲದಲ್ಲಿ ಏನಿದೆ? ಬಿಚ್ಚಿ ತೋರಿಸಿ." ಪುಸ್ತಕ, ಪೆನ್ನು, ಎರಡು ಬಾಳೆಹಣ್ಣು. ಬಾಳೆಹಣ್ಣನ್ನೂ ಒತ್ತಿ ನೋಡುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಸುಣ್ಣದಕ್ಕ. ವಯಸ್ಸು ಐವತ್ತೆಂಟು. ಹತ್ತೊಂಬತ್ತು ವರ್ಷಗಳಿಂದ ಈ ಸಾಕಣೆ ಕೇಂದ್ರದ ಹೊಲಸಿಗೆಲ್ಲ ಅವರೇ ಯಜಮಾನಿ. ಹೊಂಡದ ತಳದ ರಾಡಿನೀರು ನೇರವಾಗಿ ಕಾಲುವೆಗೆ ಹೋಗುವಂತಿಲ್ಲ. ಅದು ಬೇರೊಂದು ಹೊಂಡದಲ್ಲಿ ಮೂರು ದಿನ ನಿಂತು ತಿಳಿಯಾಗಬೇಕು, ತಳದ ಕೆಸರು ಒಣಗಿ ತೋಟಕ್ಕೆ ಹೋಗಬೇಕು. ಸತ್ತ ಮೀನಿಗೆ ನಿಯಮ ಇನ್ನೂ ಬಿಗಿ. ಬೆಳಕು ಹರಿಯುವುದರೊಳಗೆ ಹೆಕ್ಕಿ, ಎಣಿಸಿ, ಪುಸ್ತಕದಲ್ಲಿ ಬರೆದು, ನೀರಿನಿಂದ ದೂರದ ಗುಂಡಿಯಲ್ಲಿ ಸುಣ್ಣ, ಮಣ್ಣು ಹಾಕಿ ಮುಚ್ಚಬೇಕು. ಗುಂಡಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ದಿನಕ್ಕೆ ಇಪ್ಪತ್ತು ಮೂವತ್ತು ಮೀನು. ರೋಗ ಬಿದ್ದ ವಾರ ಇನ್ನೂರು ದಾಟಿದ್ದೂ ಇದೆ.

ಸುಣ್ಣದ ಮೇಲೂ ಅವರಿಗೆ ನಂಬಿಕೆಯಿಲ್ಲ. ಹೊಸ ಚೀಲ ಬಂದರೆ ಒಂದು ಹಿಡಿ ತಗಡಿನ ಮೇಲೆ ಸುರಿದು ನೀರು ಚಿಮುಕಿಸುತ್ತಾರೆ. ಚುರ್ ಎಂದು ಕುದಿಯದಿದ್ದರೆ ಚೀಲ ವಾಪಸ್. "ಬೆಳ್ಳಗಿರೋದೆಲ್ಲ ಸುಣ್ಣ ಅಲ್ಲ. ನಮ್ಮ ಧಣಿ ಒಳ್ಳೆಯವರೇ, ಆದ್ರೆ ಅಗ್ಗದ್ದು ಕಂಡ್ರೆ ಅವರ ಕಣ್ಣು ಮಂಜಾಗುತ್ತೆ."

ಗುಂಡಿಗೆ ಹಾಕುವ ಮುನ್ನ ಪ್ರತಿ ಮೀನಿನ ಬಾಲ ಕತ್ತರಿಸುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ. ಸತ್ತ ಮೀನಿಗೂ ಕ್ಷೌರವೇ ಎಂದು ಕೂಲಿಯವರು ನಗುತ್ತಾರೆ. "ನಗ್ಲಿ ಬಿಡಿ. ರೋಗ ಬಂದು, ಔಷಧಿ ತಿಂದು ಸತ್ತ ಮೀನು ಇವು. ಯಾರಾದ್ರೂ ತೋಡಿ ತೆಗೆದು ಮಾರಿದ್ರೆ? ತಿಂದವರ ಗತಿ? ಬಾಲ ಇಲ್ಲದಿದ್ರೆ ಗುರುತು ಸಿಗುತ್ತೆ."

ಹಾಗೆ ಗುರುತು ಸಿಕ್ಕಿದ್ದು ಒಮ್ಮೆ ಮಾತ್ರ. ಸಿಕ್ಕಿಬಿದ್ದವನು ಸ್ವಂತ ತಮ್ಮ, ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಮಗಳ ಹೆರಿಗೆಗೆಂದು ಎರಡು ದಿನ ಹೋಗುವಾಗ ಅಕ್ಕ ಬೀಗದ ಕೈಯನ್ನು ಅವನಿಗೇ ಕೊಟ್ಟಿದ್ದರು. ಮರಳಿ ಬಂದಾಗ ಗುಂಡಿಯ ಮಣ್ಣು ಸಡಿಲವಾಗಿತ್ತು. ನೇರ ಮಾರುಕಟ್ಟೆಗೆ ನಡೆದರು.

"ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು. ತಟ್ಟೆ ತುಂಬಾ ತುಂಡು. ಇಪ್ಪತ್ತು ತಲೆ ಎಣಿಸಿದೆ, ಬಾಲದ ತುಂಡು ಒಂದೂ ಇಲ್ಲ. ಯಾಕೋ, ನಿನ್ನ ಮೀನಿಗೆ ಬಾಲವೇ ಹುಟ್ಟಲಿಲ್ವಾ ಅಂದೆ. ತಲೆ ತಗ್ಗಿಸಿದ." ಅಲ್ಲೇ ತಟ್ಟೆಗೆ ಸುಣ್ಣ ಸುರಿದು, ಅಧಿಕಾರಿಗಳಿಗೆ ತಾವೇ ಹೇಳಿದರು. ತಮ್ಮನ ಅಂಗಡಿ ಹೋಯಿತು, ಮಾತೂ ನಿಂತಿತು. ತಾಯಿ ಇರುವುದು ಅವನ ಮನೆಯಲ್ಲೇ. ಹೇಳುತ್ತಲೇ ಅಕ್ಕ ಇನ್ನೊಂದು ಮೀನಿನ ಬಾಲ ಕತ್ತರಿಸಿ ಬಕೆಟ್ಟಿಗೆ ಹಾಕುತ್ತಾರೆ.

ಆದರೂ ಇಷ್ಟು ಅನುಮಾನ ಪಡುವವರನ್ನು ಕಂಡರೆ ನನಗೊಂದು ಅನುಮಾನ. ಅವರು ಕೈ ತೊಳೆಯುವಾಗ ಮೆಲ್ಲಗೆ ಲೆಕ್ಕ ತಾಳೆ ನೋಡುತ್ತೇನೆ. ಪುಸ್ತಕದಲ್ಲಿ ಇಪ್ಪತ್ಮೂರು, ಬಕೆಟ್ಟಿನಲ್ಲಿ ಇಪ್ಪತ್ಮೂರು ಬಾಲ. ಬೆನ್ನ ಹಿಂದಿನಿಂದ ದನಿ ಬರುತ್ತದೆ, "ಎಣಿಸಿ, ಎಣಿಸಿ. ಎಣಿಸದೆ ಹೋಗಿದ್ರೆ ನಿಮ್ಮ ಮೇಲೆ ಅನುಮಾನ ಬರ್ತಿತ್ತು."

ಈಗ ಅಕ್ಕನ ಮಂಡಿ ಬಗ್ಗುತ್ತಿಲ್ಲ. ಮುಂದಿನ ತಿಂಗಳೊಳಗೆ ಬೇರೊಬ್ಬರನ್ನು ಹುಡುಕಲು ಧಣಿ ಹೇಳಿದ್ದಾರೆ. ಆ ಕೆಲಸ ತಾನು ಮಾಡುತ್ತೇನೆಂದು ತಾಯಿಯ ಮೂಲಕ ತಮ್ಮನೇ ಹೇಳಿಕಳಿಸಿದ್ದಾನೆ. ಏನು ಹೇಳಿದಿರಿ ಎಂದು ಕೇಳುತ್ತೇನೆ.

ಅಕ್ಕ ಬೀಗ ಎರಡು ಸಲ ಎಳೆದು ನೋಡಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಬಾ ಅಂದಿದ್ದೀನಿ. ಸಲಿಕೆ ಅವನಿಗೆ, ಬೀಗದ ಕೈ ನನಗೆ. ಮಂಡಿ ಹೋದ್ರೇನು, ಕೂತು ಎಣಿಸಬಹುದಲ್ಲ. ಒಂದು ಸಲ ಅವನು ಎಣಿಸ್ಲಿ, ಒಂದು ಸಲ ನಾನು. ದಿನಾ ಲೆಕ್ಕ ಸರಿಹೋದ್ರೆ, ಯಾವತ್ತಾದ್ರೂ ಒಂದು ದಿನ ನಾನು ಎಣಿಸೋದನ್ನ ಮರೀಬೇಕು. ಅಷ್ಟೇ ಆಸೆ."