ಜೇಡದ ಬಿಲಕ್ಕೆ ಹದ ಮಣ್ಣು

ಧಡ್, ಧಡ್, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಧಡ್. ಸಂಜೆಯಾಗುತ್ತಿದ್ದಂತೆ ಹಿಂದಿನ ಬೀದಿಯ ಎರಕದ ಕಾರ್ಖಾನೆಯಲ್ಲಿ ಅಚ್ಚು ಒಡೆಯುವ ಸದ್ದು ಶುರುವಾಗುತ್ತದೆ. ಬೆಳಗ್ಗೆ ಒದ್ದೆ ಮರಳಿನಲ್ಲಿ ಕಟ್ಟಿದ ಅಚ್ಚುಗಳಿಗೆ ಮಧ್ಯಾಹ್ನ ಕರಗಿದ ಕಬ್ಬಿಣ ಹೊಯ್ದು, ಸಂಜೆ ಸುತ್ತಿಗೆಯಿಂದ ಬಡಿದು ಒಳಗಿನ ಎರಕವನ್ನು ಹೊರಗೆಳೆಯುತ್ತಾರೆ. ಸುಟ್ಟ ಮರಳು ಹಿಟ್ಟಿನಂತೆ ಎದ್ದು ಬೀದಿಗೂ ಬರುತ್ತದೆ. ಸದ್ದು ಕಿವಿಗೆ ಬಿದ್ದ ಕೂಡಲೇ ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚುತ್ತಾಳೆ. ಅಪ್ಪ ಮಾತ್ರ ಆ ಕಡೆಗೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ.

ಅಪ್ಪನನ್ನು ಕಾರ್ಖಾನೆಯಲ್ಲಿ ಎಲ್ಲರೂ ಹೂಗೈ ಎನ್ನುತ್ತಿದ್ದರು. ಮರದ ಮಾದರಿಯನ್ನು ಮರಳಿನಲ್ಲಿ ಹೂತು, ಸುತ್ತ ಬಡಿದು ಬಿಗಿ ಮಾಡಿ, ಅಂಚು ಒಂದಿಷ್ಟೂ ಉದುರದ ಹಾಗೆ ಅದನ್ನು ಮೇಲಕ್ಕೆತ್ತುವುದು ಅವನಿಗೆ ಒಲಿದಿತ್ತು. ಉಳಿದವರು ಉಸಿರು ಬಿಗಿಹಿಡಿದು ಎತ್ತಿದರೆ ಅವನು ಯಾರ ಮನೆಯದೋ ಜಗಳದ ಸುದ್ದಿ ಹೇಳುತ್ತಲೇ ಎತ್ತುತ್ತಿದ್ದ. ಈಗ ಬಿಗಿಹಿಡಿಯುವಷ್ಟು ಉಸಿರೇ ಇಲ್ಲ. "ಶ್ವಾಸಕೋಶ ಗಟ್ಟಿಯಾಗ್ತಾ ಬಂದಿದೆ. ಇನ್ನೂ ಆ ಧೂಳಿಗೆ ಹೋಗೋದಾದ್ರೆ ನನ್ನ ಹತ್ರ ಬರೋದು ದಂಡ," ಎಂದಿದ್ದರು ಡಾಕ್ಟರು. ಅಪ್ಪ ಹೂಂ ಅಂದಿದ್ದ. ಆ ಹೂಂ ಎಲ್ಲಿಯವರೆಗೆ ಬಾಳುತ್ತದೆ ಎನ್ನುವುದೇ ಮಗಳ ಚಿಂತೆ. ಹೊಸಬರ ಕೈಯಲ್ಲಿ ಪಂಪಿನ ಅಚ್ಚು ನಿಲ್ಲುತ್ತಿಲ್ಲವೆಂದು ಮೇಸ್ತ್ರಿ ಆಗಲೇ ಹೇಳಿಕಳಿಸತೊಡಗಿದ್ದ. ಮೇಸ್ತ್ರಿಯೆಂದರೆ ಬೇರೆ ಯಾರೂ ಅಲ್ಲ, ಅಮ್ಮನ ಒಡಹುಟ್ಟಿದ ತಮ್ಮ.

ಮಗಳು ಸಾಕುಪ್ರಾಣಿಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಮೀನಿನ ತೊಟ್ಟಿಗಳ ಹಿಂದೆ, ಯಾರ ಕಣ್ಣಿಗೂ ಬೀಳದ ಕಪಾಟಿನಲ್ಲಿ ಒಂದು ಜೇಡವಿತ್ತು. ಕಂದು ಬಣ್ಣ, ಮೈತುಂಬ ರೋಮ, ಕಾಲು ಚಾಚಿದರೆ ಅಂಗೈಯಗಲ. ನೆಲದಲ್ಲಿ ಬಿಲ ತೋಡಿ ಬದುಕುವ ಜಾತಿ. "ಒಂದ್ಸಲ ಒಳಗೆ ಹೋದ್ರೆ ಮುಖ ತೋರಿಸಲ್ಲ ಅದು. ಬರೀ ತೂತು ನೋಡೋಕೆ ಗಿರಾಕಿ ಎಲ್ಲಿಂದ ಬರ್ತಾರೆ? ನೀನೇ ತಗೊಂಡ್ಹೋಗು," ಎಂದ ಅಂಗಡಿಯವ. ಅವಳಿಗೆ ಹೊಳೆದದ್ದು ಆಗಲೇ. ಅಪ್ಪನ ಕೈಗೊಂದು ಕೆಲಸ ಬೇಕಿತ್ತು. ಹಿಂದಿನ ಬೀದಿಯ ಸದ್ದಿಗಿಂತ ಹತ್ತಿರದಲ್ಲಿ, ಕಣ್ಣಿಟ್ಟು ಕಾಯುವಂಥದ್ದೊಂದು ಬೇಕಿತ್ತು.

ಡಬ್ಬಿಯೊಳಗೆ ಇಣುಕಿದ ಅಮ್ಮ ಗೋಡೆಯವರೆಗೂ ಹಿಂದೆ ಸರಿದಳು. "ಅಯ್ಯೋ ನಿನ್ನ! ಮನೇಲಿ ಒಬ್ರು ಮಾತಿಲ್ಲದೆ ಮೂಲೆ ಹಿಡಿದಿರೋದು ಸಾಲ್ದು ಅಂತ ಇದನ್ನ ಬೇರೆ ತಂದ್ಯಾ?"

"ಇದು ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಲ್ಲ ಅಮ್ಮ."

"ಕಚ್ಚುತ್ತಾ?"

"ಕೆಣಕದಿದ್ರೆ ಇಲ್ಲ."

"ಹಾಗಾದ್ರೆ ನಿಮ್ಮಪ್ಪನೇ ಬಿಡು."

ಅಪ್ಪ ಬಹಳ ದಿನಗಳ ಮೇಲೆ ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು. ಅಮ್ಮ ನೀರು ತರಲು ಎದ್ದಳು.

ಗಾಜಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮಗಳು ವಿವರಿಸಿದಳು. ಇದಕ್ಕೆ ಎತ್ತರ ಬೇಡ, ಆಳ ಬೇಕು. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಹಾಗಾಗಿ ಪೆಟ್ಟಿಗೆಯ ಮುಕ್ಕಾಲು ಪಾಲು ಮಣ್ಣೇ ತುಂಬಿ, ಮೇಲೆ ಓಡಾಡುವಷ್ಟು ಜಾಗ ಬಿಡಬೇಕು. ತಳದಲ್ಲಿ ತೇವ ಉಳಿಯಬೇಕು, ಮುಚ್ಚಳಕ್ಕೆ ಗಾಳಿಯ ತೂತು ಬೇಕು. "ಒಣಮಣ್ಣು ನೀನು ಮುಟ್ಟೋ ಹಾಗಿಲ್ಲ ಅಪ್ಪ. ನಾನು ಹೊರಗೆ ನೀರು ಚಿಮುಕಿಸಿ ಕಲಸಿ ತರ್ತೀನಿ. ಒದ್ದೆ ಮಣ್ಣಿಗೆ ಧೂಳಿಲ್ಲ."

ತೋಟದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ತಂದಳು. ಅಪ್ಪ ಒಂದು ಹಿಡಿ ತೆಗೆದು ಹಿಚುಕಿ ಅಂಗೈ ಬಿಚ್ಚಿದ. ಉಂಡೆಯ ಮೇಲೆ ಬೆರಳಿನ ಗೆರೆಗಳು ಅಚ್ಚಾಗಿ ನಿಂತಿದ್ದವು. ಅದನ್ನು ಎರಡಾಗಿ ಮುರಿದು ನೋಡಿ ತಲೆಯಾಡಿಸಿದ. ಆಮೇಲೆ ಎಲ್ಲಿಂದಲೋ ಒಂದು ಮರದ ತುಂಡು ಹುಡುಕಿ ತಂದು ಬಡಿಯತೊಡಗಿದ. ಒಂದು ಪದರ ಮಣ್ಣು, ಮೂಲೆಯಿಂದ ಮೂಲೆಗೆ ಬಡಿತ, ಮತ್ತೆ ಪದರ. ನಡುನಡುವೆ ಕುರ್ಚಿಗೊರಗಿ ಉಸಿರು ತೆಗೆದುಕೊಳ್ಳುತ್ತಿದ್ದ. ಮುಗಿದಾಗ ಮಣ್ಣಿನ ಮೇಲ್ಮೈ ಸಾರಿಸಿದ ನೆಲದಂತಿತ್ತು. ಮಗಳು ಬೇಡವೆನ್ನಲಿಲ್ಲ. ಅವನ ಕೈ ಆಡುತ್ತಿರುವುದನ್ನು ನೋಡುವುದೇ ಅವಳಿಗೆ ಸಾಕಾಗಿತ್ತು.

ಜೇಡ ತೋಡಲಿಲ್ಲ. ಆ ವಾರವಿಡೀ ಅದು ಗಾಜಿನ ಅಂಚು ಹಿಡಿದು ಸುತ್ತಿತು, ಮೂಲೆಗಳಲ್ಲಿ ಮುಂಗಾಲಿನಿಂದ ಕೆರೆಯಿತು, ಗಾಜು ಹತ್ತಲು ಹೋಗಿ ಜಾರಿತು. ಹುಳು ಹಾಕಿದರೆ ಮುಟ್ಟಲಿಲ್ಲ. ಕೊನೆಗೆ ನೀರಿನ ಬಟ್ಟಲಿನ ಪಕ್ಕದಲ್ಲಿ ಕಾಲುಗಳನ್ನು ಮಡಚಿಕೊಂಡು ಕೂತುಬಿಟ್ಟಿತು.

"ಇದಕ್ಕೆ ತೋಡೋಕೆ ಮರೆತುಹೋಗಿದೆ," ಎಂದ ಅಪ್ಪ.

ಮಗಳು ಬೆರಳಿನಿಂದ ಮಣ್ಣನ್ನು ಒತ್ತಿ ನೋಡಿದಳು. ಉಗುರು ಬಾಗಿತೇ ಹೊರತು ಒಳಗಿಳಿಯಲಿಲ್ಲ. "ಅಪ್ಪ, ಇದ್ರೊಳಗೆ ಕಬ್ಬಿಣ ಹೊಯ್ಯೋದಿದ್ಯಾ?"

ತಮಾಷೆಗೆಂದು ಆಡಿದ ಮಾತು. ಅಪ್ಪ ನಗಲಿಲ್ಲ. ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಕಬ್ಬಿಣದ ಭಾರ ತಡೆಯಬೇಕಾದ ಬಿಗಿ ಬಿಟ್ಟು ಬೇರೆ ಬಿಗಿಯನ್ನು ಆ ಕೈ ಯಾವತ್ತೂ ಕಟ್ಟಿರಲಿಲ್ಲ. ಅಂದು ಊಟಕ್ಕೆ ಕರೆದರೂ ಅವನು ಏಳಲಿಲ್ಲ. "ಹೋಗ್ಲಿ ಬಿಡ್ರೀ, ಒಂದು ಹುಳದ ಮುಂದೆ ಎಂಥ ಮಾನ ಅವಮಾನ," ಎಂದು ಅಮ್ಮ ಹೇಳಿದ್ದು ಗೋಡೆಗೆ ಹೇಳಿದಂತಾಯಿತು.

ರಜೆಯ ದಿನ ಬೆಳಗ್ಗೆ ಅವನೇ ಮಗಳನ್ನು ಕರೆದ. ಅವಳು ಜೇಡವನ್ನು ಲೋಟದಲ್ಲಿ ಹಿಡಿದು ಬೇರೆಡೆಗಿಟ್ಟಳು. ಅಪ್ಪ ಮಣ್ಣನ್ನೆಲ್ಲ ತೆಗೆದು, ನೀರು ಚಿಮುಕಿಸಿ, ಮಗಳು ನೆನೆಸಿ ತಂದ ನಾರಿನ ಪುಡಿ ಇನ್ನಷ್ಟು ಸೇರಿಸಿ ಬೆರಳಲ್ಲೇ ಸಡಿಲಿಸಿದ. ಈ ಸಲ ಮರದ ತುಂಡಿಲ್ಲ. ಮಗುವಿನ ಬೆನ್ನು ತಟ್ಟುವ ಹಾಗೆ ಅಂಗೈಯಿಂದ ಒತ್ತುತ್ತ ಬಂದ. ಸೌಟಿನ ಹಿಡಿಯೊಂದನ್ನು ಓರೆಯಾಗಿ ಹೂತು ಸುತ್ತ ಮಣ್ಣು ತುಂಬಿದ.

ಅಷ್ಟರಲ್ಲಿ ಮೇಸ್ತ್ರಿ ಮಾವ ಬಾಗಿಲಲ್ಲಿ ನಿಂತಿದ್ದ. "ಏನು ಭಾವ, ಅಕ್ಕನ ಸೌಟನ್ನೇ ಎರಕ ಹಾಕ್ತಿದ್ದೀರಾ?"

"ಬಂದ್ಯಾ? ಬಂದವನು ಬಾಯಿ ಮುಚ್ಚಿಕೊಂಡು ಕೂತ್ಕೋ," ಎಂದಳು ಅಮ್ಮ.

ಅಪ್ಪ ಹಿಡಿಯನ್ನು ಆ ಬದಿ ಈ ಬದಿ ಬೆರಳಿನಿಂದ ಮೆಲ್ಲಗೆ ತಟ್ಟಿದ. "ಆ ಕುಲುಮೆಯವನಿಗೂ ಅವನ ಷಡ್ಡಕನಿಗೂ ಮಾತು ಶುರುವಾಯ್ತೇನೋ?" ಎಂದು ಮಾವನನ್ನು ಕೇಳುತ್ತ, ಉತ್ತರಕ್ಕೆ ಕಾಯುತ್ತ, ಹಿಡಿಯನ್ನು ಹೊರಗೆಳೆದ. ಓರೆಯಾದ ತೂತು ಹಾಗೇ ನಿಂತಿತು. ಬಾಯಂಚಿನಿಂದ ಒಂದು ಕಣವೂ ಉದುರಲಿಲ್ಲ.

"ಕೈ ಎಲ್ಲೂ ಹೋಗಿಲ್ಲ ಭಾವ," ಎಂದ ಮಾವ, ದನಿ ತಗ್ಗಿಸಿ.

ಅಪ್ಪನ ಮುಖ ಅರಳಿದ್ದನ್ನು ಮಗಳು ನೋಡಿದಳು. ಅವಳೂ ಅರಳಿದಳು. ಅಮ್ಮ ಮಾತ್ರ ತಮ್ಮನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಜೇಡ ತೂತಿನ ಬಾಯಲ್ಲಿ ಮುಂಗಾಲಿಟ್ಟು ಸ್ವಲ್ಪ ಹೊತ್ತು ನಿಂತು, ಒಳಗಿಳಿಯಿತು. ಮರುದಿನ ಬೆಳಗ್ಗೆ ಬಾಯಿಯ ಸುತ್ತ ಸಣ್ಣ ಸಣ್ಣ ಮಣ್ಣುಂಡೆಗಳಿದ್ದವು, ಮೇಲೆ ತೆಳುವಾದ ನೂಲಿನ ಪರದೆ. ಅಪ್ಪನಿಗೆ ತೋರಿಸಬೇಕೆಂದು ಮಗಳು ತಿರುಗಿದರೆ ಕುರ್ಚಿ ಖಾಲಿ. ಅವನು ಬಾಗಿಲ ಬಳಿ ಕೂತು ಕಾರ್ಖಾನೆಯ ಬೂಟಿನ ಲೇಸು ಬಿಗಿಯುತ್ತಿದ್ದ.

"ಎಲ್ಲಿಗಪ್ಪ?"

"ಇಲ್ಲೇ. ಅಚ್ಚು ಕಟ್ಟಿಕೊಟ್ಟು ಬರ್ತೀನಿ, ಅಷ್ಟೇ."

"ಡಾಕ್ಟರು ಹೇಳಿದ್ದು ಮರೆತ್ಯಾ?"

"ಅವರು ಹೇಳಿದ್ದು ಧೂಳು. ಕಟ್ಟೋವಾಗ ನಮ್ಮ ಮರಳೂ ಒದ್ದೆಯೇ. ಒದ್ದೆ ಮಣ್ಣಿಗೆ ಧೂಳಿಲ್ಲ ಅಂತ ನೀನೇ ಅಂದ್ಯಲ್ಲ?"

ಅವಳು ಪೆಟ್ಟಿಗೆಯತ್ತ ತಿರುಗಿದಳು. ತಾನೇ ಕಲಸಿ ತಂದ ಮಣ್ಣು, ತಾನೇ ತಂದಿಟ್ಟ ಪೆಟ್ಟಿಗೆ. ಅವನನ್ನು ಮನೆಯಲ್ಲಿ ಹಿಡಿದಿಡಬೇಕೆಂದು ಮಾಡಿದ್ದೆಲ್ಲ ಅವನ ಕೈಯನ್ನು ಅವನಿಗೆ ಮರಳಿ ಕೊಟ್ಟಿತ್ತು. ಒಳಗೆ ಅಮ್ಮ, ಇನ್ನೂ ಬೆಳಗ್ಗೆಯಾದರೂ, ಅಡುಗೆಮನೆಯ ಕಿಟಕಿಯನ್ನು ಎಳೆದು ಮುಚ್ಚಿದ್ದು ಕೇಳಿಸಿತು.

"ಅದಕ್ಕೆ ನೀರು ಮೇಲಿಂದ ಸುರಿಬೇಡ," ಎಂದ ಅಪ್ಪ ಎದ್ದು ನಿಲ್ಲುತ್ತ. "ಮೂಲೆಯಿಂದ ಇಳಿಸು. ಬಾಯಿ ಕುಸಿಯುತ್ತೆ."

"ಸಂಜೆ ಅಚ್ಚು ಒಡೀತಾರಲ್ಲಪ್ಪ, ಆಗ?"

ಅಪ್ಪ ಆಗಲೇ ಮೆಟ್ಟಿಲಿಳಿದಿದ್ದ. ತಿರುಗಿ ನೋಡದೆ ಕೈ ಬೀಸಿದ. "ಅವರು ಸುತ್ತಿಗೆ ಎತ್ತೋಕೆ ಮುಂಚೆನೇ ನಾನು ಈ ಕಡೆ…" ಎನ್ನುತ್ತ ಬೀದಿಯ ತಿರುವಿನತ್ತ ನಡೆದ.