ಚಿದಾನಂದರ ಸಿಹಿ ಕಮಾನು

ಬಿಜಾಪುರದಲ್ಲಿ ಹುಟ್ಟಿ ಬೆಳೆದ ಚಿದಾನಂದರಿಗೆ ಕೋಟೆಯ ಗೋಡೆ ಹೊಸದಲ್ಲ. ಇದ್ದಿಲಿನಿಂದ ಅದರ ಮೇಲೆ ಮೂರು ಗೆರೆ ಎಳೆದರೆ ಸ್ಟಂಪ್ ಆಗುತ್ತಿತ್ತು. ಗೋಡೆಗೆ ಬೇರೇನಾದರೂ ಉಪಯೋಗವಿದ್ದೀತೆಂದು ಅವರಿಗೆ ಹೊಳೆದದ್ದು ನಡುವಯಸ್ಸು ದಾಟುವಾಗ, ಅದೂ ಟೆಕ್ಸಾಸಿನಲ್ಲಿ.

ಆಸ್ಟಿನ್ನಿನ ಆಚೆ, ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಕೆಲವು ಹವ್ಯಾಸಿಗಳು ಸೇರಿ ಎಂಟುನೂರು ವರ್ಷ ಹಿಂದಿನ ಯುರೋಪಿನ ಮಾದರಿಯ ಕೋಟೆಯೊಂದನ್ನು ಕಟ್ಟುತ್ತಿದ್ದರು. ಯಂತ್ರ ಕೂಡದು, ಸಿಮೆಂಟು ಕೂಡದು. ಉಳಿಯಿಂದ ಕಲ್ಲು ಕಡಿಯಬೇಕು, ಅಲ್ಲೇ ಸುಣ್ಣ ಸುಟ್ಟು ಗಾರೆ ಕಲಸಬೇಕು, ಭಾರ ಎತ್ತಬೇಕಾದರೆ ದೊಡ್ಡ ಮರದ ಚಕ್ರದೊಳಗೆ ಹೊಕ್ಕು ಇಲಿಯ ಹಾಗೆ ನಡೆಯಬೇಕು. ಉಡುಪೂ ಆ ಕಾಲದ್ದೇ ಆಗಬೇಕು. ಮಗಳು ಅನಘಾಳಿಗೆ ಇದನ್ನೆಲ್ಲ ತೋರಿಸಲು ಹೋದ ಚಿದಾನಂದರು ಸಂಜೆ ಹೊರಡುವ ಹೊತ್ತಿಗೆ ತಾವೇ ಹೆಸರು ಕೊಟ್ಟು ಬಂದರು. ಮರುವಾರ ಹಳೆಯ ಖಾದಿ ಜುಬ್ಬ ತೊಟ್ಟು ಹೋದರೆ, ಇಷ್ಟು ಅಸಲಿ ಹದಿಮೂರನೇ ಶತಮಾನದ ಅಂಗಿ ಎಲ್ಲಿ ಸಿಕ್ಕಿತೆಂದು ಉಳಿದವರು ಹೊಟ್ಟೆಕಿಚ್ಚುಪಟ್ಟರು.

ಅಂದಿನಿಂದ ಪ್ರತಿ ಶನಿವಾರ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಅವರ ಮನೆಯಿಂದ ನಸುಕಿನಲ್ಲೇ ಕಾರು ಹೊರಡತೊಡಗಿತು. ಯುಗಾದಿಯ ಊಟಕ್ಕೆಂದು ಇರ್ವಿಂಗ್‌ನಿಂದ ಬಂದಿದ್ದ ಗೆಳೆಯ ಅವಿನಾಶ್ ಹೋಳಿಗೆ ಮುರಿಯುತ್ತ ಕೇಳಿಯೇಬಿಟ್ಟ: “ಅಲ್ಲ ಸಾರ್, ನಮ್ಮೂರ ಕೋಟೆಗಳೇ ಆಲದ ಗಿಡ ಬೆಳೆದು ಬೀಳ್ತಾ ಇವೆ. ನೀವಿಲ್ಲಿ ಯಾವ ಶತ್ರು ಬರ್ತಾನೆ ಅಂತ ಕಟ್ತಿದ್ದೀರಿ?”

ಉತ್ತರ ಕೊಟ್ಟವರು ಚಿದಾನಂದರ ಹೆಂಡತಿ ವೈಷ್ಣವಿ. “ಶತ್ರು ಯಾರೂ ಇಲ್ರಿ. ಶನಿವಾರ ಲಾನ್ ಕತ್ತರಿಸೋದು ತಪ್ಪಿಸ್ಕೊಳ್ಳಾಕ ಕೋಟಿ ಕಟ್ಟಾಕತ್ತಾರ.”

ಚಿದಾನಂದರು ನಕ್ಕರು. ನಿಜವಾದ ಕಾರಣ ಅವರ ಹೊಟ್ಟೆಯಲ್ಲೇ ಉಳಿಯಿತು. ಹ್ಯೂಸ್ಟನ್ನಿನ ಆಫೀಸಿನಲ್ಲಿ ಕೂತು, ಸಮುದ್ರದ ತಳದಲ್ಲಿ ಹಾಯುವ ತೈಲದ ಪೈಪುಗಳು ಎಷ್ಟು ಒತ್ತಡ ತಡೆದಾವೆಂದು ಲೆಕ್ಕ ಹಾಕುವುದು ಅವರ ಕೆಲಸ. ಅವರ ಜೀವಮಾನದ ದುಡಿಮೆಯೆಲ್ಲ ನೀರಿನಡಿಯಲ್ಲಿತ್ತು. ಹೆಂಡತಿ ಮಗಳ ಮಾತು ಹಾಗಿರಲಿ, ಅದನ್ನು ಅವರೇ ಕಂಡಿರಲಿಲ್ಲ. ಬಿಜಾಪುರದಿಂದ ಬಂದಿದ್ದ ಅತ್ತೆ ಗುರವ್ವನವರು, ಅಳಿಯಂದಿರು ಎಂಜಿನಿಯರ್ ಅಂತೀರಲ್ಲ, ಏನು ಕಟ್ಟಿದ್ದಾರೆ ತೋರಿಸಿ ಎಂದಾಗ, ಮೀನುಗಳನ್ನು ಕೇಳಬೇಕಜ್ಜಿ ಎಂದು ಅನಘಾ ಇಂಗ್ಲಿಷಿನಲ್ಲಿ ಹೇಳಿ ಓಡಿದ್ದಳು. ಬೆರಳು ತೋರಿಸಿ ‘ಇದು ನನ್ನದು’ ಎನ್ನಬಹುದಾದ ಒಂದು ವಸ್ತು ಈ ಭೂಮಿಯ ಮೇಲೆ ಚಿದಾನಂದರಿಗೆ ಬೇಕಿತ್ತು.

ಕೋಟೆಯ ಹಿರಿಯ ಕಲ್ಲುಕುಟಿಗ ಹ್ಯಾಂಕ್ ಎಂಬ ಬಿಳಿಮೀಸೆಯ ಆಸಾಮಿ. ಮಾತು ಕಡಿಮೆ. ಮೊದಲ ವರ್ಷವೆಲ್ಲ ಅವನು ಚಿದಾನಂದರನ್ನು ಸುಣ್ಣದ ಗುಂಡಿಯ ಪಕ್ಕದಲ್ಲೇ ನಿಲ್ಲಿಸಿದ. ಕೊನೆಗೊಮ್ಮೆ, ಒಂದು ಚಿಕ್ಕ ಕಿಟಕಿಯ ಕಮಾನನ್ನು ಪೂರ್ತಿ ಅವರಿಗೇ ಒಪ್ಪಿಸಿದ. ಕಮಾನು ಕಟ್ಟುವಾಗ ಕಲ್ಲುಗಳನ್ನು ಹೊರಲು ಕೆಳಗೊಂದು ಮರದ ಅಚ್ಚು ಇರುತ್ತದೆ. ಅಚ್ಚು ತೆಗೆದ ಮೇಲೂ ಕಮಾನು ನಿಂತರೆ ಚಿದಾನಂದರು ಕಲ್ಲುಕುಟಿಗರು; ಬಿದ್ದರೆ ಮತ್ತೆ ಸುಣ್ಣದ ಗುಂಡಿ.

ಕಲ್ಲುಗಳನ್ನು ಅವರು ದೇವರಾಣೆಗೂ ಶ್ರದ್ಧೆಯಿಂದಲೇ ಕಡಿದರು. ಹೆಬ್ಬೆರಳು ಎರಡು ಸಲ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಡವಟ್ಟಾದದ್ದು ಗಾರೆಯಲ್ಲಿ. ಗಾರೆಗೆ ಬೆಲ್ಲದ ನೀರು ಹಾಕಿದರೆ ಗಟ್ಟಿ, ತಮ್ಮ ಮುತ್ತಜ್ಜನ ವಾಡೆಗೆ ಹಾಗೇ ಹಾಕಿದ್ದರು ಎಂದು ಗುರವ್ವನವರು ಊಟಕ್ಕೆ ಕೂತಾಗ ಹೇಳಿದ್ದರು. ಎಷ್ಟು ಬೆಲ್ಲ ಎಂದು ಕೇಳಿದ್ದಕ್ಕೆ, “ಹದಾ ನೋಡಿ ಹಾಕ್ರಿ” ಎಂಬ ಉತ್ತರ ಬಂತು. ಆಫೀಸಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಚಿದಾನಂದರಿಗೆ ಗೊತ್ತಿದ್ದ ಬೆಲ್ಲದ ಹದ ಒಂದೇ, ಹೋಳಿಗೆಯ ಹೂರಣದ್ದು. ಬೇಳೆಗೆ ಸರಿಸಮ ಬೆಲ್ಲ. ಇದು ಬರೀ ಸುಣ್ಣ, ಅರ್ಧ ಸಾಕು ಎಂದು ತಮ್ಮಷ್ಟಕ್ಕೆ ರಿಯಾಯಿತಿ ತೋರಿಸಿ, ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಿಂದ ತಂದ ಬೆಲ್ಲದ ಉಂಡೆಗಳನ್ನು ಯಾರಿಗೂ ಹೇಳದೆ ಗಾರೆಗೆ ಕರಗಿಸಿದರು.

ಅಚ್ಚು ತೆಗೆಯುವ ಶನಿವಾರ ಮನೆಮಂದಿಯೆಲ್ಲ ಬಂದರು. ಅವರಿಗಿಂತ ಮೊದಲೇ ಬೇರೆಯವರು ಬಂದಾಗಿತ್ತು. ನೆಲದಿಂದ ಹೊರಟು ಗೋಡೆ ಹತ್ತಿ, ಕಮಾನಿನ ಸಂದುಸಂದಿಗೂ ಟೆಕ್ಸಾಸಿನ ಬೆಂಕಿ ಇರುವೆಗಳ ದಿಬ್ಬಣ ಸಾಗಿತ್ತು. ಹ್ಯಾಂಕ್ ಸಂದಿಗೆ ಉಗುರು ಹಾಕಿದ. ಗಟ್ಟಿಯಾಗಿರಬೇಕಿದ್ದ ಗಾರೆ ಬೆಣ್ಣೆಯಂತೆ ಬಂತು. ಮೂಸಿ ನೋಡಿ ಸುತ್ತಲೂ ಕಣ್ಣಾಡಿಸಿದ.

ಚಿದಾನಂದರು ಬೆಲ್ಲದ ಕಥೆಯನ್ನು ಮೊದಲಿನಿಂದ ಹೇಳಿದರು. ವಿಷಯ ತಿಳಿದ ಗುರವ್ವನವರು ಸೆರಗು ಸೊಂಟಕ್ಕೆ ಸಿಗಿಸಿದರು.

“ಅಳಿಯಂದ್ರ, ಕೋಟಿ ಕಟ್ಟೀರೋ, ಹೋಳಿಗಿ ಮಾಡೀರೋ?”

“ನೀವ ಹೇಳಿದ್ರಲ್ರಿ, ಹದಾ ನೋಡಿ ಹಾಕ್ರಿ ಅಂತ.”

“ಹೂಂ, ನೋಡಿ ಹಾಕ್ರಿ ಅಂದೆ. ನೋಡದs ಸುರೀರಿ ಅಂದ್ನೇನು?”

ಹ್ಯಾಂಕ್ ಎರಡು ದಾರಿ ತೋರಿಸಿದ. ಒಂದೊಂದೇ ಕಲ್ಲು ಬಿಚ್ಚಿ ಮೊದಲಿನಿಂದ ಕಟ್ಟುವುದು. ಇಲ್ಲವೇ ಈಗಲೇ ಅಚ್ಚು ಇಳಿಸಿ ನೋಡುವುದು. ಬಿದ್ದರೆ ಕಲ್ಲುಗಳೂ ಒಡೆದಾವು. ಕಮಾನು ನಿನ್ನದು, ತೀರ್ಮಾನವೂ ನಿನ್ನದೇ ಎಂದ.

ಚಿದಾನಂದರು ಕಮಾನನ್ನು ದಿಟ್ಟಿಸಿದರು. ಕಮಾನು ನಿಲ್ಲುವುದು ಗಾರೆಯ ಅಂಟಿನಿಂದಲ್ಲ, ಕಲ್ಲಿಗೆ ಕಲ್ಲು ಒತ್ತಿಕೊಂಡು ಎಂದು ಕಾಲೇಜಿನಲ್ಲೇ ಓದಿದ್ದರು. ಓದಿದ್ದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಆ ಕಲ್ಲು ಕಡಿದ ಕೈಗಳ ಮೇಲೆ. ಬದನೆಕಾಯಿ ಹೆಬ್ಬೆರಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಎಲ್ಲರನ್ನೂ ದೂರ ಸರಿಸಿ, ಹ್ಯಾಂಕ್‌ನ ಕೈಯಿಂದ ಕೊಡತಿ ತೆಗೆದುಕೊಂಡರು.

ಪಕ್ಕಕ್ಕೆ ನಿಂತು ಅಚ್ಚಿನ ಕೆಳಗಿನ ಬೆಣೆಗಳನ್ನು ಒಂದೊಂದಾಗಿ ಹೊಡೆದು ಸಡಿಲಿಸಿದರು. ಅಚ್ಚು ಕೆಳಗಿಳಿಯಿತು. ಕಮಾನು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಒಂದಿಷ್ಟು ಕುಸಿಯಿತು. ವೈಷ್ಣವಿ ಮಗಳ ಕೈ ಹಿಡಿದುಕೊಂಡರು. ಹಿಡಿಯಷ್ಟು ಸಿಹಿ ಗಾರೆ, ಇರುವೆಗಳ ಸಮೇತ, ಚಿದಾನಂದರ ಜುಬ್ಬದ ಕೊರಳಿನೊಳಗೆ ಬಿತ್ತು. ಅವರು ಕುಣಿಯತೊಡಗಿದರು. ಕಮಾನು ಮಾತ್ರ ಮತ್ತೆ ಅಲ್ಲಾಡದೆ ನಿಂತಿತು.

ಕಲ್ಲಿನ ಕೆಲಸ ಚೆನ್ನಾಗಿದೆ, ಅಡುಗೆ ಮಾತ್ರ ಮನೆಯಲ್ಲಿಟ್ಟು ಬಾ ಎಂದು ಹ್ಯಾಂಕ್ ಅವರ ಬೆನ್ನು ತಟ್ಟಿದ, ಸರಿಯಾಗಿ ಇರುವೆ ಕಚ್ಚಿದ ಜಾಗಕ್ಕೇ.

ಬೇಸಿಗೆಯೆಲ್ಲ ಚಿದಾನಂದರು ಸಂದುಗಳಿಂದ ಬೆಲ್ಲದ ಗಾರೆ ಕೆರೆದು ತೆಗೆದು, ಚಪ್ಪೆ ಗಾರೆ ತುಂಬಿದರು. ಇರುವೆಗಳಿಗೆ ಸುದ್ದಿ ಮುಟ್ಟಲಿಲ್ಲವೋ, ಮುಟ್ಟಿಯೂ ನಂಬಲಿಲ್ಲವೋ, ಬರುತ್ತಲೇ ಇದ್ದವು. ಊರಿಗೆ ಮರಳುವ ಮುಂಚೆ ಗುರವ್ವನವರು ಪಕ್ಕದೂರು ಸೈಪ್ರೆಸ್‌ನ ಎರಡು ಕನ್ನಡ ಕುಟುಂಬಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೋಟೆಗೆ ಬಂದರು. ಅಷ್ಟು ಕಿಟಕಿಗಳಲ್ಲಿ ನಿಮ್ಮ ಅಳಿಯಂದಿರದು ಯಾವುದೆಂದು ಯಾರೋ ಕೇಳಿದರು.

ಗುರವ್ವನವರು ಬೆರಳು ಚಾಚಿದರು. “ಅಲ್ಲಿ ನೋಡ್ರಿ, ಇರಿವಿ ಹತ್ತಾಕತ್ತಾವಲ್ಲ? ಅದು ನಮ್ಮ ಅಳಿಯಂದ್ರದು.”